ಪಡುವಣದ ಶಿಫ್ಟು

ಲಿಫ್ಟಿನಲ್ಲಿ ಓಂಕಾರ ಒಂದು ಮನೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಐಸ್‌ಕ್ರೀಂ ಕಡ್ಡಿಯ ಗೋಡೆ, ರಟ್ಟಿನ ಚಾವಣಿ, ಅಡಿಯಲ್ಲಿ ಉರುಳೆಗಳ ಬದಲು ಆರು ಪೆನ್ಸಿಲ್ಲು, ಮುಂದೆ ದಾರ ಕಟ್ಟಿದ ನಾಲ್ಕು ಜೇಡಿಮಣ್ಣಿನ ಎತ್ತುಗಳು. ಎತ್ತು ಎಂದು ಮಗಳು ಹೇಳಿದ್ದರಿಂದ ಎತ್ತು, ಇಲ್ಲದಿದ್ದರೆ ಅವು ಈಗಷ್ಟೇ ನಿದ್ದೆಯಿಂದ ಎದ್ದ ಬೆಕ್ಕುಗಳ ಹಾಗಿದ್ದವು. ಪಕ್ಕದಲ್ಲಿ ಹೆಂಡತಿ ನೀಲಗಂಗಾ, ಅವಳ ಕೈಯಲ್ಲಿ ರೊಟ್ಟಿಯ ಸ್ಟೀಲ್ ಡಬ್ಬಿ. ಇಬ್ಬರ ನಡುವೆ ಎಂಟನೇ ಕ್ಲಾಸಿನ ಸೃಷ್ಟಿ, ಬಗಲಲ್ಲಿ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಚಾರ್ಟು. ಅದನ್ನು ಮಾತ್ರ ಅವಳು ಯಾರಿಗೂ ತೋರಿಸಿರಲಿಲ್ಲ, ಸರ್ಪ್ರೈಸ್ ಅಂತೆ. ಐದು, ನಾಲ್ಕು, ಮೂರು ಎಂದು ಅಂಕಿ ಇಳಿಯುತ್ತಿದ್ದಾಗ ಓಂಕಾರನಿಗೆ ಇವತ್ತು ನೀಲಾಗೆ ಹೇಳಿಬಿಡಬೇಕು ಅನ್ನಿಸಿತು. ಗ್ರೌಂಡ್ ಫ್ಲೋರ್ ಬಂದು ಬಾಗಿಲು ತೆರೆದಾಗ, ಸಾಯಂಕಾಲ ಹೇಳಿದರಾಯಿತು ಅನ್ನಿಸಿತು. ಐದು ಮಹಡಿ ಇಳಿಯುವಷ್ಟರಲ್ಲಿ ಒಂದು ತೀರ್ಮಾನ ಮಾಡಿ ಅದನ್ನು ಮುರಿಯುವ ಕೆಲಸ ಕಳೆದ ಮೂರು ವಾರಗಳಲ್ಲಿ ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

ಹೇಳಬೇಕಾದದ್ದು ದೊಡ್ಡದೇನಲ್ಲ. ಅವನು ಕೆಲಸ ಮಾಡುವ ಗುತ್ತಿಗೆ ಕಂಪನಿ ರೈಲು ಹಳಿಗಳನ್ನು ನೋಡಿಕೊಳ್ಳುವಂಥದ್ದು. ಅವರ ಪಡುವಣದ ಡಿಪೋ ಮಿರ್ಫಾದಲ್ಲಿತ್ತು. ಅವರು ಮನೆ ಮಾಡಿಕೊಂಡಿದ್ದ ಅಬುಧಾಬಿಯಿಂದ ಒಂದೂವರೆ ತಾಸಿನ ದಾರಿ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಮರಳು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಅಲ್ಲಿಗೆ ಬರುತ್ತೀರಾ ಎಂದು ಕೇಳಿದ್ದರು. ನಿಮ್ಮಂಥ ಅನುಭವದವರು ಬೇಕು ಎಂದೂ ಒಂದು ಸಾಲು ಸೇರಿಸಿದ್ದರು. ಆ ಸಾಲನ್ನು ಅವನು ಆಫೀಸಿನಲ್ಲಿ ಎರಡು ಸಲ, ಕಾರಿನಲ್ಲಿ ಒಂದು ಸಲ ಓದಿಕೊಂಡಿದ್ದ. ಜೊತೆಗೆ ಬಂದ ಮಿರ್ಫಾದ ಪರಿಚಯ ಪುಸ್ತಕದಲ್ಲಿ ಖರ್ಜೂರದ ಮರ, ಬಿಳಿಯ ಮನೆ, ಮನೆಯ ಮುಂದೆ ಹಲ್ಲು ಕಿರಿಯುವ ಒಂದು ಮಗು. ಅವತ್ತು ಸಾಯಂಕಾಲ ನೀಲಗಂಗಾ ಹಿಟ್ಟು ನಾದುತ್ತಿದ್ದಳು. ಅವನು ಅಡಿಗೆಮನೆಯ ಬಾಗಿಲಿಗೆ ಆತುಕೊಂಡು, ದಾರಿಯಲ್ಲಿ ಮೂರು ಸಲ ಪಾಠ ಮಾಡಿಕೊಂಡು ಬಂದಿದ್ದ ವಾಕ್ಯವನ್ನು ಒಪ್ಪಿಸಿದ: "ಮುಂದಿನ ತಿಂಗಳಿಂದ ಶಿಫ್ಟ್ ಆಗ್ತದ ನೋಡು." ಅವಳು ಹಿಟ್ಟಿನಿಂದ ಕಣ್ಣೆತ್ತದೆ, "ಆಗಲಿ ತಗೋರಿ, ಊಟದ ಹೊತ್ತಿಗೆ ಮನಿಗೆ ಬಂದ್ರ ಸಾಕು" ಅಂದಳು. ಅಂದರೆ ಅವಳ ಪಾಲಿಗೆ ಅದು ಡ್ಯೂಟಿಯ ಶಿಫ್ಟು, ಮುಂಜಾನೆಯದು ಹೋಗಿ ಮಧ್ಯಾಹ್ನದ್ದು ಬರುವ ಹಾಗೆ. ಮನೆ ಸಾಮಾನು ಕಟ್ಟಿ ಊರು ಬಿಡುವುದಕ್ಕೂ ನಾವು ಶಿಫ್ಟ್ ಅಂತಲೇ ಅನ್ನುತ್ತೇವಲ್ಲ, ಅದು ಅವಳಿಗೆ ಹೊಳೆಯಲಿಲ್ಲ. ಅವನಿಗೆ ಮಾತ್ರ ಆ ಕ್ಷಣದಲ್ಲೇ ಹೊಳೆದಿತ್ತು. ಇನ್ನೊಂದು ಮಾತು ಸೇರಿಸಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಅವನು ಕುಕ್ಕರನ್ನು ಆರಿಸಿದ, ಬಹಳ ಕಾಳಜಿಯಿಂದ ಆರಿಸಿದ. ಮರುದಿನ ಹತ್ತು ಗಂಟೆಗೆ, ಹೆಂಡತಿಗೆ ಹೇಳಿಯಾಗಿದೆ ಎಂಬ ಧೈರ್ಯದ ಮೇಲೆ, ಕಾಗದಕ್ಕೆ ಸಹಿ ಹಾಕಿದ.

ಆ ಕಾಗದದ ಕೊನೆಯಲ್ಲಿ ಎರಡು ಚೌಕವಿದ್ದವು. ಒಂದರ ಮುಂದೆ ಬ್ಯಾಚುಲರ್, ಇನ್ನೊಂದರ ಮುಂದೆ ಫ್ಯಾಮಿಲಿ. ಈ ದೇಶದಲ್ಲಿ ಹೆಂಡತಿ ಮಕ್ಕಳಿದ್ದೂ ಒಬ್ಬನೇ ಇರುವವನಿಗೆ ಬ್ಯಾಚುಲರ್ ಎನ್ನುತ್ತಾರೆ. ಓಂಕಾರ ಮದುವೆಯಾದ ಮೇಲೂ ನಾಲ್ಕು ವರ್ಷ ಅಬುಧಾಬಿಯ ಅಂಚಿನ ಮುಸಫ್ಫಾದ ಒಂದು ಕೋಣೆಯಲ್ಲಿ ಆರು ಜನರ ಜೊತೆ ಬ್ಯಾಚುಲರ್ ಆಗಿದ್ದವನು. ಮೇಲಿನ ಮಂಚದ ಕೇರಳದ ಅಲಿಕುಂಞಿಗೆ ಆಗಲೇ ಮೂವರು ಮೊಮ್ಮಕ್ಕಳು, ಅವನೂ ಬ್ಯಾಚುಲರ್. ಆದ್ದರಿಂದ ಫ್ಯಾಮಿಲಿ ಎಂಬ ಚೌಕದಲ್ಲಿ ಗುರುತು ಹಾಕುವಾಗ ಓಂಕಾರನಿಗೆ ತಾನು ಏನೋ ದೊಡ್ಡ ತ್ಯಾಗ ಮಾಡಿದ ಹಾಗೆ, ಯಾರಾದರೂ ನೋಡಿದ್ದರೆ ಚೆನ್ನಾಗಿತ್ತು ಎನ್ನುವ ಹಾಗೆ ಎದೆ ಉಬ್ಬಿತ್ತು. ಏನಾದರೂ ಬದಲಾವಣೆ ಇದ್ದರೆ ತಿಳಿಸಲು ಕಾಗದದ ಅಡಿಯಲ್ಲಿ ಕೊಟ್ಟಿದ್ದ ಕೊನೆಯ ದಿನ ಬರುವ ಸೋಮವಾರ. ಇವತ್ತು ಶುಕ್ರವಾರ.

ಕಾರು ಅವನೇ ನಡೆಸಿದ. ನೀಲಗಂಗಾ ಪಕ್ಕದ ಸೀಟಿನಲ್ಲಿ ಕುಳಿತು, ಅವನು ಪಥ ಬದಲಿಸಿದಾಗಲೆಲ್ಲ ತನ್ನ ಕುತ್ತಿಗೆಯನ್ನು ಹಿಂದೆ ತಿರುಗಿಸಿ ನೋಡುತ್ತಿದ್ದಳು. ಡ್ರೈವಿಂಗ್ ಸ್ಕೂಲಿನವರು ಕಲಿಸಿದ್ದು. ಆರನೆಯ ಸಲಕ್ಕೆ, ಈ ಮಂಗಳವಾರ, ಅವಳ ರೋಡ್ ಟೆಸ್ಟ್ ಪಾಸಾಗಿತ್ತು. ಐದು ಸಲ ಫೇಲಾದದ್ದು ಐದು ಬಗೆ. ಒಮ್ಮೆ ತೀರ ನಿಧಾನ, ಒಮ್ಮೆ ತೀರ ಜೋರು, ಒಮ್ಮೆ ಕನ್ನಡಿ ನೋಡಲಿಲ್ಲ, ಒಮ್ಮೆ ಕನ್ನಡಿಯನ್ನೇ ನೋಡಿದಳು. ಐದನೆಯದಕ್ಕೆ ಕಾರಣವನ್ನೇ ಹೇಳಲಿಲ್ಲ, ಖಲಾಸ್ ಎಂದು ಇಳಿಸಿ ಕಳಿಸಿದ್ದರು. ಅಭ್ಯಾಸ ಎಷ್ಟು ಹಿಡಿದಿತ್ತೆಂದರೆ ಈಗ ಅಡಿಗೆಮನೆಯಲ್ಲಿ ಒಲೆಯಿಂದ ಸಿಂಕಿಗೆ ತಿರುಗುವಾಗಲೂ ಮೊದಲು ಭುಜದ ಮೇಲಿಂದ ಹಿಂದೆ ನೋಡುತ್ತಿದ್ದಳು. ಆರನೇ ಸಲ ಪಾಸಾದಾಗ ಮೇಲಿನ ಮನೆಯ ಉಡುಪಿಯ ವಾರಿಜಾಕ್ಷಿ ಇಡೀ ಕಟ್ಟಡಕ್ಕೆ ಪಾಯಸ ಹಂಚಿದಳು. ಲೈಸೆನ್ಸಿನ ಹಿಂದೆ ಇನ್ನೊಂದು ಸಂಗತಿ ಇತ್ತು. ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಮಾಡಿ, ಮದುವೆಗೆ ಮುಂಚೆ ಎರಡು ವರ್ಷ ಜನರ ರಕ್ತ ಪರೀಕ್ಷೆ ಮಾಡಿದ್ದವಳು ನೀಲಗಂಗಾ. ಇಲ್ಲಿ ಕಳೆದ ವರ್ಷ ಸರಕಾರದ ಪರೀಕ್ಷೆ ಬರೆದು ಪಾಸಾಗಿದ್ದಳು. ಅಬುಧಾಬಿಯಲ್ಲೇ, ಶಾಬಿಯಾದ ಒಂದು ಕ್ಲಿನಿಕ್ಕಿನವರು, ಬೆಳಗ್ಗೆ ಆರೂವರೆಗೆ ನೀವೇ ಗಾಡಿ ನಡೆಸಿಕೊಂಡು ಬರುವ ಹಾಗಾದರೆ ಒಂದನೇ ತಾರೀಕಿನಿಂದ ಬನ್ನಿ ಎಂದಿದ್ದರು. ಅದೇ ಒಂದನೇ ತಾರೀಕು. ಮಂಗಳವಾರ ಅವಳು ಫೋನಿನಲ್ಲಿ ಅದನ್ನು ಹೇಳಿದಾಗ ಅವನು ಹಳಿಯ ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. "ಛಲೋ ಆತು" ಅಂದ. ನಿಜವಾಗಿಯೂ ಛಲೋ ಅನ್ನಿಸಿತ್ತು, ಅದೇ ಅವನಿಗೆ ಆಶ್ಚರ್ಯ. ಒಂದು ಮನಸ್ಸಿನಲ್ಲಿ ಎರಡು ಒಂದನೇ ತಾರೀಕುಗಳು ಒಂದಕ್ಕೊಂದು ತಗುಲದೆ ಮೂರು ದಿನ ಹೇಗೆ ಓಡಾಡಿಕೊಂಡಿದ್ದವು ಎಂದು ಅವನಿಗೇ ಅರ್ಥವಾಗಿರಲಿಲ್ಲ. ಜೋಡಿ ಹಳಿಯ ಮೇಲೆ ಮಾತ್ರ ಸಾಧ್ಯ ಅದು. ಮಂಗಳವಾರದಿಂದ ಅವಳು ಎರಡು ಸಲ ಕೀಲಿ ಕೇಳಿದ್ದಳು, ಎರಡು ಸಲವೂ ಅವನು ಇನ್ಶೂರೆನ್ಸಿನಲ್ಲಿ ಅವಳ ಹೆಸರು ಸೇರಬೇಕು ಎಂದಿದ್ದ. ಹೆಸರು ಬುಧವಾರವೇ ಸೇರಿತ್ತು.

ಹಿಂದಿನ ಸೀಟಿನಿಂದ ಸೃಷ್ಟಿ ತನ್ನ ಭಾಷಣ ಒಪ್ಪಿಸುತ್ತಿದ್ದಳು. ಇಂಡಿಯನ್ ಸ್ಕೂಲಿನಲ್ಲಿ ಸೀಟು ಸಿಗದೆ ಅಮೆರಿಕನ್ ಪಾಠಕ್ರಮದ ಶಾಲೆಗೆ ಸೇರಿದವಳು ಅವಳು. ಗದಗಿನ ನೆಂಟರು ಇದನ್ನು ಅರ್ಧ ಕೇಳಿಸಿಕೊಂಡು, ಓಂಕಾರನ ಮಗಳು ಅಮೆರಿಕದಲ್ಲಿ ಓದುತ್ತಾಳೆ ಎಂದು ನಂಬಿದ್ದರು, ಇವನೂ ತಿದ್ದಲು ಹೋಗಿರಲಿಲ್ಲ. ಈ ಸಲದ ಪ್ರಾಜೆಕ್ಟು, ರೈಲು ಹಳಿ ಹೇಗೆ ಅಮೆರಿಕದ ಜನರನ್ನು ಪಡುವಣಕ್ಕೆ ಕರೆದೊಯ್ದಿತು ಎಂಬುದು. ರೈಲಿನ ಮನುಷ್ಯ ಮನೆಯಲ್ಲೇ ಇದ್ದಾನೆಂದು ಸಂಜೆ ಸಂಜೆ ಅವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ್ದಳು. ಹಳಿಯ ಕೆಳಗೆ ಅಡ್ಡ ಹಾಕುವ ಮರದ ತೊಲೆಗೆ ಸ್ಲೀಪರ್ ಎನ್ನುತ್ತಾರೆ ಎಂದು ಅವನು ಹೇಳಿದಾಗ ಬಿದ್ದು ಬಿದ್ದು ನಕ್ಕಿದ್ದಳು. "ಸ್ಲೀಪರ್ ಅಂದ್ರ ಬಸ್ಸು, ಪಪ್ಪಾ. ನಮ್ಮ ಬುಕ್‌ದಾಗ ಟೈ ಅಂತ ಅದ." ಟೈ ಕುತ್ತಿಗೆಗೆ ಕಟ್ಟುವುದು ಎಂದು ಅವನು ವಾದಿಸಿದ್ದ. ಅವನಪ್ಪ ಶೇಖಪ್ಪ ಮೂವತ್ತು ವರ್ಷ ಗ್ಯಾಂಗ್‌ಮನ್ ಆಗಿ, ಸುತ್ತಿಗೆ ಹೆಗಲಿಗಿಟ್ಟು ದಿನಕ್ಕೆ ಹತ್ತು ಮೈಲಿ ಸ್ಲೀಪರ್ ಮೇಲೆ ನಡೆದವನು, ಕುತ್ತಿಗೆಗೆ ಟೈ ಕಟ್ಟಿದವನಲ್ಲ. ಗ್ಯಾಂಗ್‌ಮನ್ ಎಂದದ್ದಕ್ಕೆ ಸೃಷ್ಟಿ ಮತ್ತೆ ನಕ್ಕಿದ್ದಳು. "ಅಜ್ಜ ಗ್ಯಾಂಗ್‌ಸ್ಟರ್ ಇದ್ನಾ?"

ಓಂಕಾರ ಹುಡುಗನಾಗಿದ್ದಾಗ ಹೊಳೆಆಲೂರಿನಲ್ಲಿ ಅಪ್ಪನಿಗೆ ಕೊಟ್ಟಿದ್ದ ಕ್ವಾರ್ಟರ್ಸು ಒಂದು ಕೋಣೆಯದು. ಅಲ್ಲಿ ಸ್ಟೇಷನ್ ಮಾಸ್ತರರ ಹೆಂಡತಿ ಅವ್ವನಿಗೆ ಹೊಲಿಗೆ ಕಲಿಸುತ್ತಿದ್ದರು. ಅವ್ವ, ಶಾಂತವ್ವ, ದಿನಾ ಮೂರು ಗಂಟೆಗೆ ಮುಖ ತೊಳೆದು, ತಲೆ ಬಾಚಿ, ಯಾರೋ ಆಫೀಸಿಗೆ ಹೊರಟ ಹಾಗೆ ಹಳಿ ದಾಟಿ ಹೋಗುವಳು. ಜಂಪರಿನ ಬೆನ್ನು ಆಯಿತು, ಮುಂಭಾಗ ಆಯಿತು, ಕೊರಳು ಆಯಿತು. ಇನ್ನು ತೋಳು ಹಚ್ಚುವ ಪಾಠ. ಆ ವಾರ ಅಪ್ಪ ಬಂದು ಸುತ್ತಿಗೆಯನ್ನು ಮೂಲೆಗೆ ಒರಗಿಸಿ, "ನಾಳೆ ಸಾಮಾನ ಕಟ್ರಿ, ಅಣ್ಣಿಗೇರಿಗೆ ಹಾಕ್ಯಾರ" ಅಂದ. ಅವ್ವ ಸಾಮಾನು ಕಟ್ಟಿದಳು. ಅಣ್ಣಿಗೇರಿಗೆ ಹೋಗಿ ನಾಲ್ಕು ದಿನ ಅವಳು ಒಂದು ಮಾತೂ ಆಡಲಿಲ್ಲ. ಒಂಬತ್ತು ವರ್ಷದ ಓಂಕಾರ ಕೇಳಿದ್ದಕ್ಕೆ ಅಪ್ಪ, ಅವ್ವಗ ಗಂಟಲು ಕಟ್ಟೇದ ಅಂದ. ಅದಕ್ಕೆ ಇವನು ಪಕ್ಕದ ಮನೆಯಿಂದ ಅಜವಾನ ಬೇಡಿ ತಂದು, ನೀರಲ್ಲಿ ಕುದಿಸಿ ಕೊಟ್ಟಿದ್ದ. ಅವ್ವ ಅವನ ಮುಖ ನೋಡುತ್ತಾ ಪೂರ್ತಿ ಲೋಟ ಕುಡಿದಿದ್ದಳು. ಮುಂದೆ ಜನ್ಮವಿಡೀ ಅವ್ವ ಓಣಿಯವರಿಗೆಲ್ಲ ಜಂಪರು ಹೊಲಿದಳು, ತೋಳು ಮಾತ್ರ ಬೇರೆ ಯಾರಾದರೂ ಹಚ್ಚಬೇಕು. ಮನೆಯಲ್ಲಿ ಅದೊಂದು ನಗೆಮಾತಾಗಿತ್ತು. ಮದುವೆಯಾದ ಹೊಸದರಲ್ಲಿ ನೀಲಗಂಗಾಗೂ ಅವನು ಅದನ್ನು ನಗೆಮಾತಾಗಿಯೇ ಹೇಳಿದ್ದ. ಅವಳು ನಕ್ಕಿರಲಿಲ್ಲ ಎಂಬುದು ಹದಿನೈದು ವರ್ಷದ ಮೇಲೆ, ಇವತ್ತು, ಶಾಲೆಯ ಪಾರ್ಕಿಂಗಿನಲ್ಲಿ ಕಾರನ್ನು ಹಿಂದೆ ತೆಗೆದುಕೊಳ್ಳುವಾಗ ನೆನಪಾಯಿತು. "ಸಾಕ್ರಿ, ಹಿಂದ ಕಂಬ ಅದ" ಎಂದಳು ನೀಲಗಂಗಾ.

ಸಭಾಂಗಣದ ತುಂಬ ಮೇಜುಗಳು, ಮೇಜಿಗೊಂದು ಅಮೆರಿಕ. ಒಬ್ಬಳ ಮೇಜಿನಲ್ಲಿ ಚಿನ್ನ ಅಗೆಯುವವರು, ಇನ್ನೊಬ್ಬನ ಮೇಜಿನಲ್ಲಿ ಥರ್ಮೋಕೋಲಿನ ಹಿಮದ ಬೆಟ್ಟ, ಅದರ ಸುರಂಗದಲ್ಲಿ ಸಿಕ್ಕಿಬಿದ್ದ ಬ್ಯಾಟರಿ ರೈಲು. ವಲಸೆ ಹೋದವರು ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದರು ಎಂದು ಓದಿದ ಸೃಷ್ಟಿ, ತನ್ನ ತಾಯಿಯಿಂದ ನಲವತ್ತು ಜೋಳದ ರೊಟ್ಟಿ ಮಾಡಿಸಿಕೊಂಡು ತಂದಿದ್ದಳು. ಮೆಕ್ಕೆಜೋಳ ಬೇರೆ ಬಿಳಿಜೋಳ ಬೇರೆ ಎಂದು ನೀಲಗಂಗಾ ಹೇಳಿದರೆ, "ಅವರಿಗೇನ್ ಗೊತ್ತಾಗ್ತದ ಮಮ್ಮಿ" ಅಂದಿದ್ದಳು. ಶೇಂಗಾ ಚಟ್ನಿಯ ಜೊತೆ ಅಮೆರಿಕದ ಗಡಿನಾಡಿನ ಊಟ ಎಂಬ ಚೀಟಿ ಹಚ್ಚಿ ಇಟ್ಟದ್ದೇ ತಡ, ತಂದೆ ತಾಯಂದಿರು ಸಾಲು ಹಿಡಿದರು. ಇತಿಹಾಸದ ಮಾಸ್ತರ ಕ್ಲೈವ್, ನಾಲ್ಕು ತಿಂಗಳಿಂದ ಪ್ರತಿ ಮೀಟಿಂಗಿನಲ್ಲೂ ಮೂಗಿನಲ್ಲಿ ಅಮೆರಿಕನ್ ಇಂಗ್ಲಿಷ್ ಆಡುತ್ತಿದ್ದವನು, ಒಂದು ಚೂರು ರೊಟ್ಟಿ ಬಾಯಿಗಿಟ್ಟು, ಗಂಡ ಹೆಂಡಿರ ಮಾತು ಕಿವಿಗೆ ಬಿದ್ದು, ಗಕ್ಕನೆ ನಿಂತ. "ನೀವು ಕನ್ನಡದವರಾ? ನಾನು ಕಿನ್ನಿಗೋಳಿಯವ ಮಾರಾಯ್ರೆ. ಇಷ್ಟು ದಿವಸ ಹೇಳುದಲ್ವಾ!" ಆ ಗಳಿಗೆಯಿಂದ ಕ್ಲೈವ್ ಸರ್ ಅಮೆರಿಕವನ್ನು ಬಿಟ್ಟು ಊರಿಗೆ ಇಳಿದರು. ಮಗು ಬಹಳ ಚುರುಕು, ನೀವು ಎಂತ ಮಾಡುವುದು, ಓ ರೈಲ್ವೆಯಾ, ಹಾಗಾದರೆ ಎರಡು ಮಾತು ಹೇಳಲೇಬೇಕು ಎಂದು ಓಂಕಾರನನ್ನು ಮೈಕಿನ ಮುಂದೆ ತಂದು ನಿಲ್ಲಿಸಿದರು.

ಓಂಕಾರ ಎರಡು ಮಾತು ಹೇಳಿದ. ಎರಡನೆಯದರಲ್ಲಿ ಸ್ಲೀಪರ್ ಬಂತು, ಮಕ್ಕಳೆಲ್ಲ ನಕ್ಕರು. ಒಬ್ಬ ತಂದೆ ಎದ್ದು ಪ್ಯಾಸೆಂಜರ್ ಟ್ರೈನು ನಮ್ಮ ಕಡೆ ಯಾವತ್ತು ಬರುತ್ತದೆ ಎಂದು ಕೇಳಿದ. ಅದನ್ನು ಹೇಳುವವರು ಬೇರೆ, ತಾನು ಹಳಿ ಸೊಟ್ಟಗಾಗಿದೆಯೋ ಎಂದು ಪರದೆಯ ಮೇಲೆ ನೋಡುವವನು ಎಂದು ಇವನು ವಿವರಿಸಲು ಹೋದಾಗ, ಆ ತಂದೆ ಆಗಲೇ ರೊಟ್ಟಿಯ ಸಾಲಿಗೆ ಮರಳಿದ್ದ. ಅವಮಾನ ಎನ್ನುವಷ್ಟು ದೊಡ್ಡದಲ್ಲ. ಆದರೂ ಮೈಕನ್ನು ವಾಪಸು ಕೊಡುವಾಗ ಓಂಕಾರ ಅದರ ವೈರಿಗೆ ಕಾಲು ಸಿಕ್ಕಿಸಿಕೊಂಡ.

ಆಮೇಲೆ ಸೃಷ್ಟಿಯ ಸರದಿ. ಅವಳಿಗೆ ಮೈಕೂ ಬೇಕಾಗಲಿಲ್ಲ. ಪೂರ್ವದಿಂದ ಒಂದು ಹಳಿ, ಪಶ್ಚಿಮದಿಂದ ಒಂದು ಹಳಿ, ಸಾವಿರದ ಎಂಟುನೂರ ಅರವತ್ತೊಂಬತ್ತರಲ್ಲಿ ನಡುವೆ ಕೂಡಿದವು. ಹಾಕಿದವರಲ್ಲಿ ಸಾವಿರಾರು ಚೀನಾದವರು, ಹೆಸರು ಬಂದದ್ದು ಕೋಟು ಹಾಕಿದವರಿಗೆ. ಸರಕಾರ ಹಳಿಯ ಎರಡೂ ಬದಿಗೆ ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಚೌಕದಂತೆ ಜಮೀನನ್ನು ಕಂಪನಿಗಳಿಗೆ ಕೊಟ್ಟಿತು. ಕಂಪನಿಗಳು ಯುರೋಪಿನವರೆಗೆ ಜಾಹೀರಾತು ಕಳಿಸಿ ಜನರನ್ನು ಕರೆದವು. ಜಾಹೀರಾತಿನಲ್ಲಿ ಮನುಷ್ಯನಷ್ಟು ಎತ್ತರದ ಗೋಧಿ, ಕೆಳಗೆ ಖಾಲಿ ಭೂಮಿ ಎಂಬ ಅಕ್ಷರ. ಆದರೆ ಖಾಲಿ ಇರಲಿಲ್ಲ, ಎಂದಳು ಸೃಷ್ಟಿ, ಅಲ್ಲಿ ಜನ ಇದ್ದರು, ಅವರ ಕಾಡೆಮ್ಮೆಗಳಿದ್ದವು. ಆ ಚಿತ್ರ ಬರೆಯುವವನು ಅವರನ್ನು ಬರೆಯಲಿಲ್ಲ, ಅಷ್ಟೇ. ಓಂಕಾರನಿಗೆ ಮಿರ್ಫಾದ ಪುಸ್ತಕದ ಬಿಳಿಯ ಮನೆಯ ಮುಂದೆ ಹಲ್ಲು ಕಿರಿಯುವ ಮಗು ಕಣ್ಣ ಮುಂದೆ ಬಂತು. ಊರಿಗೆ ಹೆಸರಿಡಲು ಪುರುಸೊತ್ತಿಲ್ಲದ ರೈಲಿನವರು ನೆಬ್ರಾಸ್ಕಾದಲ್ಲಿ ಒಂದರ ಮೇಲೊಂದು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹೆಸರಿಟ್ಟರಂತೆ: ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್. ಅಪ್ಪನ ಲೈನಿನಲ್ಲಿ ಹಾಗೆ ಮಾಡಿದ್ದರೆ ಅಣ್ಣಿಗೇರಿಗೆ ಅ ಸರಿಹೋಗುತ್ತಿತ್ತು, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಋ ಅಕ್ಷರದ ಊರನ್ನು ಎಲ್ಲಿಂದ ತರುತ್ತಿದ್ದರು ಎಂದು ಅವನ ಮನಸ್ಸು ತನ್ನ ಪಾಡಿಗೆ ಲೆಕ್ಕ ಹಾಕಿತು. ತಪ್ಪಿತಸ್ಥ ಮನಸ್ಸಿಗೆ ಎಂತೆಂಥ ಕೆಲಸಗಳು ಸಿಗುತ್ತವೆ.

ಕೊನೆಗೆ ಐಸ್‌ಕ್ರೀಂ ಕಡ್ಡಿಯ ಮನೆ. ಕೆಲವು ಊರುಗಳನ್ನು ಹಳಿ ಮುಟ್ಟಲೇ ಇಲ್ಲ, ಅರ್ಧ ದಿನದ ದಾರಿ ಆಚೆ ಹೋಯಿತು. ಆಗ ಜನ ಊರನ್ನೇ ಎತ್ತಿ ಹಳಿಯ ಬಳಿಗೆ ಒಯ್ದರು. ಮನೆ, ಅಂಗಡಿ ಎಲ್ಲವನ್ನೂ ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು. ಸೃಷ್ಟಿ ಪೆನ್ಸಿಲ್ಲುಗಳ ಮೇಲೆ ಮನೆಯನ್ನು ಉರುಳಿಸಿ ತೋರಿಸಿದಳು. ಒಂದು ಎತ್ತು ಕೆಳಗೆ ಬಿತ್ತು. ಕ್ಲೈವ್ ಸರ್ ಬಗ್ಗಿ ಅದನ್ನು ಎತ್ತಿಕೊಟ್ಟು, ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಮಾಡಿದ್ದು ಯಾರು ಎಂದು ಕೇಳಿದರು. ಮಾಸ್ತರರು ಎಲ್ಲರಿಗೂ ಕೇಳುವ ಪ್ರಶ್ನೆ. ಸೃಷ್ಟಿ ಹೇಳಿದಳು: ಡೈರಿಗಳನ್ನು ಓದಿದರೆ, ಹೆಚ್ಚಾಗಿ ಗಂಡ ತೀರ್ಮಾನ ಮಾಡಿದ, ಹೆಂಡತಿ ಡೈರಿ ಬರೆದಳು. "ಎತ್ತುಗಳನ್ನೂ ಯಾರೂ ಕೇಳಲಿಲ್ಲ" ಎಂದು ಇಂಗ್ಲಿಷಿನಲ್ಲಿ ಸೇರಿಸಿದಳು. ಸಭಾಂಗಣ ನಕ್ಕಿತು. ಓಂಕಾರನೂ ಒಂದು ಕ್ಷಣ ತಡವಾಗಿ ನಕ್ಕ, ಅದು ಎಲ್ಲರ ನಗು ನಿಂತ ಮೇಲೆ ಒಂಟಿಯಾಗಿ ಕೇಳಿಸಿತು.

ಆಗ ಅವಳು ರಬ್ಬರ್ ಬ್ಯಾಂಡ್ ತೆಗೆದು ಚಾರ್ಟು ಬಿಚ್ಚಿದಳು. ನನ್ನ ಕುಟುಂಬದ ಲೈನು, ಎಂದಳು. ಬಲತುದಿಯಿಂದ ಎಡತುದಿಗೆ ಒಂದು ಹಳಿ ಬರೆದಿದ್ದಳು, ಪ್ರತಿ ಸ್ಲೀಪರಿಗೂ ಸ್ಕೇಲು ಇಟ್ಟು, ಸಾಲಾಗಿ. ಹಳಿಯ ಮೇಲೆ ಸ್ಟೇಷನ್ನುಗಳು: ಹೊಳೆಆಲೂರು, ಅಜ್ಜ. ಅಣ್ಣಿಗೇರಿ, ಅಜ್ಜ. ಹುಬ್ಬಳ್ಳಿ, ಪಪ್ಪಾ ಮತ್ತು ಮಮ್ಮಿ. ನಡುವೆ ನೀಲಿ ಸಮುದ್ರ. ಅಬುಧಾಬಿ, ನಾನು. ನೋಡಿ, ನಾವು ಯಾವಾಗಲೂ ಪಡುವಣಕ್ಕೇ ಹೋಗಿದ್ದೇವೆ, ಎಂದಳು. ಹಳಿ ಅಲ್ಲಿಗೆ ನಿಲ್ಲಲಿಲ್ಲ. ಎಡತುದಿಯಲ್ಲಿ ಇನ್ನೊಂದು ಸ್ಟೇಷನ್, ಅದರ ಪಕ್ಕ ಒಂದು ಖರ್ಜೂರದ ಮರ: ಮಿರ್ಫಾ, ಮುಂದಿನ ತಿಂಗಳು ಒಂದು, ಎಲ್ಲರೂ. ಜನ ಚಪ್ಪಾಳೆ ತಟ್ಟಿದರು. ಕ್ಲೈವ್ ಸರ್, ಓ ನೀವು ಹೋಗುದಾ, ಛೆ ಅಂದರು. ಓಂಕಾರನ ಕೈ ಕೂಡ ಚಪ್ಪಾಳೆ ತಟ್ಟುತ್ತಿತ್ತು. ನಿಲ್ಲಿಸುವುದು ಹೇಗೆಂದು ಅದಕ್ಕೆ ತಿಳಿಯಲಿಲ್ಲ.

ನೀಲಗಂಗಾ ಚಾರ್ಟಿನ ಹತ್ತಿರ ಹೋಗಿ, ಕಣ್ಣು ಸಣ್ಣದು ಮಾಡಿ, ಸೂಕ್ಷ್ಮದರ್ಶಕದ ಕೆಳಗಿನ ಗಾಜನ್ನು ನೋಡುವ ಹಾಗೆ ಎಡತುದಿಯನ್ನು ನೋಡಿದಳು. "ಇದೇನವಾ ಮಿರ್ಫಾ?" ಎಂದು ಮಗಳನ್ನು ಮೆಲ್ಲಗೆ ಕೇಳಿದಳು. ಸೃಷ್ಟಿ ಅವಳನ್ನೂ ಇವನನ್ನೂ ನೋಡಿದಳು. ಪ್ರಿಂಟರಿನಲ್ಲಿ ಪಪ್ಪಾನ ಲೆಟರಿನ ಕಾಪಿ ಇತ್ತಲ್ಲ, ಫ್ಯಾಮಿಲಿ ಅಂತ ಟಿಕ್ ಹಾಕಿತ್ತಲ್ಲ ಎಂದಳು. "ನಿನಗ ಗೊತ್ತಿತ್ತಲ್ಲ ಮಮ್ಮಿ? ವಾರಿಜಾಕ್ಷಿ ಆಂಟಿ ಮುಂದ ನೀನ ಹೇಳಿದ್ದಿ, ಅವರದು ಶಿಫ್ಟ್ ಆಗ್ತದ ಅಂತ." ಅಷ್ಟು ಹೇಳುವಾಗಲೇ ಅವಳ ದನಿ ಸಣ್ಣಗಾಯಿತು. ಮಕ್ಕಳಿಗೆ ಮನೆಯ ಹವೆ ಬದಲಾದದ್ದು ಬೇಗ ಗೊತ್ತಾಗುತ್ತದೆ. ನೀಲಗಂಗಾ, "ಹೌದವಾ, ನಾನ ಹೇಳಿದ್ದೆ" ಎಂದು ಮಗಳ ಕೂದಲು ಸರಿಮಾಡಿದಳು. "ಛಂದ ಬರದೀ. ಗೆರಿ ಎಲ್ಲೂ ಸೊಟ್ಟ ಬಂದಿಲ್ಲ." ಆಮೇಲೆ ಓಂಕಾರನ ಕಡೆ ತಿರುಗದೆ ಮೇಜಿಗೆ ಹೋಗಿ ಉಳಿದ ರೊಟ್ಟಿಗಳನ್ನು ಹಂಚಿದಳು. ಕ್ಲೈವ್ ಸರ್‌ಗೆ ಹಿಟ್ಟಿಗೆ ಬಿಸಿನೀರು ಎಷ್ಟು ಹಾಕಬೇಕು ಎಂದು ವಿವರಿಸಿದಳು. ಇನ್ನೊಬ್ಬ ತಾಯಿಗೆ ನಂಬರು ಕೊಟ್ಟಳು. ಎಲ್ಲರ ಜೊತೆ ಮಾತಾಡಿದಳು.

ಅವನ ಜೊತೆ ಮಾತ್ರ ಇಲ್ಲ. ಓಂಕಾರ ಮೇಜಿನ ಮೇಲಿನ ಎತ್ತುಗಳನ್ನು ಒಂದೊಂದಾಗಿ ಟಿಶ್ಯೂ ಕಾಗದದಲ್ಲಿ ಸುತ್ತಿದ. ನಾಲ್ಕು ದಿನ, ಎಂದುಕೊಂಡ. ಅಜವಾನ ಮನೆಯಲ್ಲಿದೆಯೋ ಇಲ್ಲವೋ ಎಂದು ಕೂಡ ಅವನ ಮನಸ್ಸು ಡಬ್ಬಿಗಳನ್ನು ತಡಕಿತು, ಕೂಡಲೇ ತನ್ನ ಮೇಲೆ ತಾನೇ ರೇಗಿತು. ಅಪ್ಪನಿಗೆ ನಿಜ ಗೊತ್ತಿತ್ತು. ಗೊತ್ತಿದ್ದೂ ಗಂಟಲು ಎಂದಿದ್ದ. ತಾನೂ ಕುಕ್ಕರಿನ ನೆಪ ಹಿಡಿದಿದ್ದೇನೆ. ಅಪ್ಪನಿಗಾದರೋ ಆರ್ಡರು ಮೇಲಿನಿಂದ ಬಂದಿತ್ತು, ಬರುತ್ತೀಯಾ ಎಂದು ಯಾರೂ ಕೇಳಿರಲಿಲ್ಲ. ತನ್ನನ್ನು ಕೇಳಿದ್ದರು, ನಿಮ್ಮಂಥವರು ಬೇಕು ಎಂದು ಕೇಳಿದ್ದರು. ಅದನ್ನು ಒಬ್ಬನೇ ತಿಂದು ಮುಗಿಸಿದ್ದೆ, ಅನ್ನಿಸಿತು ಅವನಿಗೆ, ಹುಡುಗರು ಪೇಟೆಯಿಂದ ತಂದ ಪೇಡೆಯನ್ನು ದಾರಿಯಲ್ಲೇ ಮುಗಿಸುವ ಹಾಗೆ.

ಶುಕ್ರವಾರ ಶಾಲೆ ಅರ್ಧ ದಿನ. ಹನ್ನೊಂದೂವರೆಗೆ ಮೂವರೂ ಪಾರ್ಕಿಂಗಿಗೆ ಬಂದಾಗ ಬಿಸಿಲು ಕಾರಿನ ಮೇಲೆ ಕುಳಿತಿತ್ತು. ಡಬ್ಬಿಯಲ್ಲಿ ಒಂಬತ್ತು ರೊಟ್ಟಿ ಉಳಿದಿದ್ದವು. ನೀಲಗಂಗಾ ಡಬ್ಬಿಯನ್ನು ಸೃಷ್ಟಿಯ ಕೈಗೆ ಕೊಟ್ಟು, ಅವನ ಮುಂದೆ ಅಂಗೈ ಚಾಚಿದಳು. "ಕೀಲಿ ಕೊಡ್ರಿ." ಓಂಕಾರ "ಇನ್ಶೂ" ಎಂದವನು ಅಲ್ಲಿಗೆ ನಿಲ್ಲಿಸಿ ಕೀಲಿ ಕೊಟ್ಟ. ಅವಳು ಸೀಟನ್ನು ಮುಂದೆ ಎಳೆದುಕೊಂಡಳು, ಕನ್ನಡಿ ಮೂರನ್ನೂ ತನಗೆ ಬೇಕಾದ ಹಾಗೆ ತಿರುಗಿಸಿದಳು, ಬೆಲ್ಟು ಹಾಕಿದಳು, ಎಲ್ಲರೂ ಹಾಕಿದ್ದಾರೋ ನೋಡಿದಳು. ಪರೀಕ್ಷೆ ಮಾಡುವ ಪೊಲೀಸಿನವರು ಪಕ್ಕದಲ್ಲಿ ಕುಳಿತಿದ್ದಾರೆ ಎಂಬಂತೆ ಎಲ್ಲವನ್ನೂ ಮಾಡಿದಳು. ಆ ಪಕ್ಕದ ಸೀಟಿನಲ್ಲಿ ಓಂಕಾರ ಕುಳಿತಿದ್ದ, ತೊಡೆಯ ಮೇಲೆ ಮನೆ ಇಟ್ಟುಕೊಂಡು. ಶಾಲೆಯ ಮುಂದಿನ ದುಂಡು ರಸ್ತೆಯಲ್ಲಿ ದೊಡ್ಡದೊಂದು ಲ್ಯಾಂಡ್ ಕ್ರೂಸರ್ ನುಗ್ಗಿ ಬಂದಾಗ ಅವನ ಬಲಗಾಲು ತಾನಾಗಿಯೇ ಕೆಳಗಿನ ಮ್ಯಾ‌ಟನ್ನು ಒತ್ತಿತು. ಅವಳು ನಿಂತು, ದಾರಿ ಬಿಟ್ಟು, ಮುಂದೆ ಹೋದಳು. ಚೆನ್ನಾಗಿಯೇ ನಡೆಸುತ್ತಿದ್ದಳು. ಅವನಿಗಿಂತ ಚೆನ್ನಾಗಿ, ಏಕೆಂದರೆ ಅವಳು ನೋಡುತ್ತಿದ್ದಳು.

ಹತ್ತು ನಿಮಿಷ ಕಳೆಯಿತು. ದೊಡ್ಡ ಹೆದ್ದಾರಿ ಬಂತು. ಮುಂದಿನ ಹಸಿರು ಬೋರ್ಡಿನಲ್ಲಿ ಬಲಕ್ಕೆ ಬಾಣ, ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಂದರೆ ಇವರ ಮನೆ. ನೇರಕ್ಕೆ ಬಾಣ, ಮಿರ್ಫಾ, ಅದರಾಚೆ ದೇಶದ ಗಡಿಯ ಘುವೈಫಾತ್. ನೀಲಗಂಗಾ ಕನ್ನಡಿ ನೋಡಿದಳು, ಭುಜದ ಮೇಲಿಂದ ನೋಡಿದಳು, ಇಂಡಿಕೇಟರ್ ಮಾತ್ರ ಹಾಕಲಿಲ್ಲ. ಬಲಗಡೆಯ ದಾರಿ ಅಗಲಗೊಂಡು, ಬೇರೆಯಾಗಿ, ಹಿಂದಕ್ಕೆ ಹೋಯಿತು.

"ಮಮ್ಮಿ, ಎಕ್ಸಿಟ್ ಹೋತು" ಎಂದಳು ಸೃಷ್ಟಿ.

"ಗೊತ್ತದ. ಊರು ನೋಡ್ಕೊಂಡು ಬರೂಣು. ಚಾರ್ಟಿನ್ಯಾಗ ಸ್ಟೇಷನ್ ಬರದೀ, ಅಲ್ಲಿ ಏನೇನದ ನೋಡಬೇಕಲ್ಲ."

ಓಂಕಾರನೊಳಗೆ ಏನೋ ಸಡಿಲವಾಯಿತು. ಅವಳಿಂದ ಮಾತು ಬಂತು, ಅವ್ವನ ಹಾಗೆ ಗಂಟಲು ಕಟ್ಟಿರಲಿಲ್ಲ. ಅವನು ಮೂರು ವಾರ ಪಾಠ ಮಾಡಿದ ಯಾವ ವಾಕ್ಯವೂ ಈಗ ನೆನಪಿಗೆ ಬರಲಿಲ್ಲ, ಅದೇ ಒಳ್ಳೆಯದಾಯಿತು. "ನೀಲಾ, ಅದು ಡ್ಯೂಟಿ ಶಿಫ್ಟ್ ಅಲ್ಲ" ಅಂದ. "ಮನಿ ಸಾಮಾನ ಕಟ್ಟೋ ಶಿಫ್ಟು. ನೀ ತಪ್ಪು ತಿಳ್ಕೊಂಡಿ ಅಂತ ನನಗ ಅವತ್ತ ಗೊತ್ತಾಗಿತ್ತು. ನಾ ಬೇಕಂತ ಸುಮ್ಮನಾದೆ." ಹಿಂದಿನ ಸೀಟಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಸದ್ದು ನಿಂತಿತು.

ನೀಲಗಂಗಾ ಒಂದು ಲಾರಿಯನ್ನು ದಾಟಿದಳು. ದಾಟಿ ಪೂರ್ತಿ ತನ್ನ ಪಥಕ್ಕೆ ಮರಳಿದ ಮೇಲೆಯೇ ಮಾತಾಡಿದಳು. "ಫ್ಯಾಮಿಲಿ ಅಂತ ಟಿಕ್ ಹಾಕೋಕಿಂತ ಮೊದಲ ಫ್ಯಾಮಿಲಿನ್ನ ಒಂದು ಮಾತು ಕೇಳಬೇಕ್ರಿ."

"ಈಗ ಕೇಳ್ತೀನಿ."

"ಕೇಳ್ರಿ ಮತ್ತ."

ಕೇಳುವುದು ಎಷ್ಟು ಕಷ್ಟ ಎಂದು ಅವನಿಗೆ ಗೊತ್ತಿರಲಿಲ್ಲ. ಹೆದ್ದಾರಿಯ ಎಡಕ್ಕೆ, ಬೇಲಿಯ ಆಚೆ, ಹಳಿಗಳು ಕಾಣಿಸಿಕೊಂಡವು. ಅವನು ಪರದೆಯ ಮೇಲೆ ದಿನಾ ನೋಡುವ ಅದೇ ಹಳಿ, ಮರಳಿನ ನಡುವೆ ಸುಮ್ಮನೆ ಮಲಗಿತ್ತು. ಸಿಮೆಂಟಿನ ಸ್ಲೀಪರುಗಳು ಒಂದಾದ ಮೇಲೊಂದು ಹಿಂದಕ್ಕೆ ಓಡುತ್ತಿದ್ದವು. "ನೀ ಬರ್ತೀಯೇನು?" ಎಂದು ಕೇಳಿದ. "ಇಲ್ಲಂದ್ರ ಸೋಮವಾರ ಹೋಗಿ ಬದಲಿಸಿ ಬರ್ತೀನಿ. ಬ್ಯಾಚುಲರ್ ಅಂತ. ನಾ ವಾರಕ್ಕೊಮ್ಮೆ ಬರ್ತೀನಿ." ಹಿಂದಿನಿಂದ ಸೃಷ್ಟಿ, ಪಪ್ಪಾ ಬ್ಯಾಚುಲರ್, ಎಂದು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ಮೊದಲ ಕ್ಲಿನಿಕ್ ಅದ ಏನು ನೋಡ್ತೀನಿ ಅಲ್ಲಿ" ಎಂದಳು ನೀಲಗಂಗಾ. "ಸಾಲಿ ನೋಡ್ತೀನಿ. ಜನ ನೋಡ್ತೀನಿ. ಇದ್ರ ಒಂದು ಮಾತು, ಇಲ್ಲಂದ್ರ ಒಂದು ಮಾತು. ಇಲ್ಲಂದ್ರ ಒಂದನೇ ತಾರೀಖಿಗೆ ನಾ ಶಾಬಿಯಾದಾಗ ಇರ್ತೀನಿ. ನೀವೇನು ವಾರವಾರ ಬರೋದು ಬ್ಯಾಡ, ನಾನ ಗಾಡಿ ತಗೊಂಡು ಬರ್ತೀನಿ, ನಿಮ್ಮ ಕೋಣಿ ಹೆಂಗದ ನೋಡಾಕ." ಅವಳ ದನಿಯಲ್ಲಿ ನಗು ಇರಲಿಲ್ಲ, ಇಲ್ಲ ಎನ್ನಲೂ ಆಗುತ್ತಿರಲಿಲ್ಲ. ಸೃಷ್ಟಿ ಹಿಂದಿನಿಂದ ರೊಟ್ಟಿಯ ಒಂದು ಚೂರು ಮುರಿದು, ಚಟ್ನಿ ಹಚ್ಚಿ, ಅಮ್ಮನ ಬಾಯಿಗೆ ಇಟ್ಟಳು. ಇನ್ನೊಂದು ಚೂರನ್ನು ಅಪ್ಪನ ಕೈಗೆ ಕೊಡುವುದೋ ಬೇಡವೋ ಎಂದು ಯೋಚಿಸಿ, ಅವನ ಭುಜದ ಮೇಲಿಂದ ಚಾಚಿದಳು. ಓಂಕಾರ ತಗೊಂಡ.

ಮುಂದೆ ದೂರದಲ್ಲಿ ಯಾವುದೋ ಟ್ಯಾಂಕರಿನ ಕೆಂಪು ದೀಪ ಹತ್ತಿತು. ಅವನ ಬಲಗಾಲು ಮತ್ತೆ ಮ್ಯಾ‌ಟಿಗೆ ಒತ್ತಿಕೊಂಡಿತು, ಮಂಡಿ ಬಿಗಿಯಿತು, ತೊಡೆಯ ಮೇಲಿನ ಮನೆ ಪೆನ್ಸಿಲ್ಲುಗಳ ಮೇಲೆ ಒಂದಿಷ್ಟು ಉರುಳಿತು. ನೀಲಗಂಗಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಕಾಲು ತಗೀರಿ" ಅಂದಳು. "ಅಲ್ಲಿ ಬ್ರೇಕ್ ಇಲ್ಲ."